ಖಾಲಿ ಮನೆಗೆ ಯಾವ ಚಿತ್ರ?

ಶಾಲೆಯ ಬುದ್ಧಿಶಕ್ತಿ ಪರೀಕ್ಷೆಗಳಲ್ಲಿ ಬರುವ ಆಕೃತಿ ಪ್ರಶ್ನೆಗಳ ಬಗ್ಗೆ ಓದುಗರು ಕೇಳಿದ್ದನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದೆ.

ಪ್ರಶ್ನೆ: ಮಗಳು ಆರನೇ ತರಗತಿ. ಒಂಬತ್ತು ಮನೆಗಳ ಚಿತ್ರ ಕೊಟ್ಟು ಕೊನೆಯ ಮನೆ ಖಾಲಿ ಬಿಟ್ಟಿರುತ್ತಾರಲ್ಲ, ಅದರಲ್ಲಿ ಪ್ರತಿ ಸಲ ಸರಿ ಉತ್ತರದ ಪಕ್ಕದ್ದಕ್ಕೇ ಗುರುತು ಹಾಕಿ ಬರುತ್ತಾಳೆ. ಅವಳಿಗೆ ಗಮನ ಸಾಲದೇ?

ಉತ್ತರ: ಗಮನದ ತೊಂದರೆ ಇರಲಾರದು. ಬಹುಶಃ ಅವಳು ಚಿತ್ರವನ್ನು ಒಮ್ಮೆ ನೋಡಿ ನೇರವಾಗಿ ಕೆಳಗಿನ ಆಯ್ಕೆಗಳಿಗೆ ಹೋಗುತ್ತಿದ್ದಾಳೆ. ತಪ್ಪು ಆಯ್ಕೆಗಳನ್ನು ಮುಕ್ಕಾಲು ಪಾಲು ಸರಿ ಇರುವಂತೆಯೇ ಮಾಡಿರುತ್ತಾರೆ. ಆದ್ದರಿಂದ ಕಣ್ಣಿಗೆ ಒಪ್ಪುವುದನ್ನು ಹುಡುಕಿದರೆ ಮೂರು ನಾಲ್ಕು ಸಿಕ್ಕೇ ಸಿಗುತ್ತವೆ.

ಒಂದು ಉದಾಹರಣೆಯನ್ನು ಕಾಗದದ ಮೇಲೆ ಬರೆದುಕೊಂಡು ನೋಡಿ. ಮೊದಲ ಸಾಲಿನಲ್ಲಿ ವೃತ್ತ, ಚೌಕ, ತ್ರಿಕೋನ. ಮೂರರ ಒಳಗೂ ಬಿಳಿ. ವೃತ್ತದೊಳಗೆ ನೆಟ್ಟಗೆ ನಿಂತ ಗೆರೆ, ಚೌಕದೊಳಗೆ ಬಲಕ್ಕೆ ವಾಲಿದ ಗೆರೆ, ತ್ರಿಕೋನದೊಳಗೆ ಅಡ್ಡ ಗೆರೆ. ಎರಡನೇ ಸಾಲಿನಲ್ಲಿ ತ್ರಿಕೋನ, ವೃತ್ತ, ಚೌಕ. ಒಳಗೆ ಚುಕ್ಕಿ ತುಂಬಿದೆ. ಗೆರೆಗಳು ಬಲಕ್ಕೆ ವಾಲಿದ್ದು, ಅಡ್ಡ, ಎಡಕ್ಕೆ ವಾಲಿದ್ದು. ಮೂರನೇ ಸಾಲಿನಲ್ಲಿ ಚೌಕ, ತ್ರಿಕೋನ, ಆಮೇಲೆ ಖಾಲಿ ಮನೆ. ಒಳಗೆ ಬೂದು ಬಣ್ಣ. ಗೆರೆಗಳು ಅಡ್ಡ ಮತ್ತು ಎಡಕ್ಕೆ ವಾಲಿದ್ದು.

ಇದನ್ನು ಒಂದೇ ಚಿತ್ರವೆಂದು ನೋಡಿದರೆ ತಲೆ ಕೆಡುತ್ತದೆ. ಇಲ್ಲಿರುವುದು ಮೂರು ಬೇರೆ ಬೇರೆ ವಿಷಯ: ಹೊರಗಿನ ಆಕಾರ, ಒಳಗಿನ ಬಣ್ಣ, ಗೆರೆಯ ದಿಕ್ಕು. ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಒಂದೊಂದನ್ನೇ ಬಾಯಿಬಿಟ್ಟು ಹೇಳಿಸಿ. ಆಕಾರ: ಪ್ರತಿ ಸಾಲಿನಲ್ಲೂ ಮೂರೂ ಒಮ್ಮೊಮ್ಮೆ ಬರುತ್ತವೆ, ಕೊನೆಯ ಸಾಲಿನಲ್ಲಿ ಬಾರದೆ ಉಳಿದದ್ದು ವೃತ್ತ. ಬಣ್ಣ: ಸಾಲಿನುದ್ದಕ್ಕೂ ಒಂದೇ, ಆದ್ದರಿಂದ ಬೂದು. ಗೆರೆ: ಬಲಕ್ಕೆ ಹೋದಂತೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ 45 ಡಿಗ್ರಿ ತಿರುಗುತ್ತದೆ, ಆದ್ದರಿಂದ ಎಡಕ್ಕೆ ವಾಲಿದ್ದರ ನಂತರ ಮತ್ತೆ ನೆಟ್ಟಗೆ. ಉತ್ತರ, ಬೂದು ವೃತ್ತದೊಳಗೆ ನೆಟ್ಟಗಿನ ಗೆರೆ. ಈಗ ಕೈ ತೆಗೆದು ಅದು ಎಲ್ಲಿದೆ ಎಂದಷ್ಟೇ ಹುಡುಕಬೇಕು.

ನಿಯಮವನ್ನು ಮೊದಲ ಸಾಲಿನಲ್ಲಿ ಕಂಡುಕೊಂಡರೆ ಎರಡನೇ ಸಾಲಿನಲ್ಲಿ ಪರೀಕ್ಷಿಸಲೇಬೇಕು. ಕೊನೆಗೆ ಮೇಲಿನಿಂದ ಕೆಳಕ್ಕೂ ಒಮ್ಮೆ ನೋಡಿದರೆ ಒಳ್ಳೆಯದು. ನಮ್ಮ ಉದಾಹರಣೆಯ ಮೂರನೇ ಕಂಬಸಾಲಿನಲ್ಲಿ ಅಡ್ಡ, ಎಡಕ್ಕೆ ವಾಲಿದ್ದು, ನೆಟ್ಟಗೆ ಎಂದು ಗೆರೆ ಅಲ್ಲೂ 45 ಡಿಗ್ರಿಯಂತೆ ತಿರುಗುತ್ತದೆ.

ತಪ್ಪು ಆಯ್ಕೆಗಳಲ್ಲಿ ಏನಿರುತ್ತದೆ ಗೊತ್ತೇ? ಬೂದು ವೃತ್ತವೇ ಇರುತ್ತದೆ, ಗೆರೆ ಮಾತ್ರ ಪಕ್ಕದ ಮನೆಯಂತೆ ಎಡಕ್ಕೆ ವಾಲಿರುತ್ತದೆ. ಇಲ್ಲವೇ ಗೆರೆ ಸರಿಯಿದ್ದು ಒಳಗೆ ಚುಕ್ಕಿ ಇರುತ್ತದೆ. ಪಕ್ಕದ ಅಥವಾ ಮೇಲಿನ ಮನೆಯ ನಕಲೂ ಸಾಮಾನ್ಯ. ಮಗಳು ತಪ್ಪಿದಾಗ ಯಾವ ಗುಣ ಬಿಟ್ಟುಹೋಯಿತು ಎಂದು ಬರೆದಿಡಿ. ಹತ್ತು ಹದಿನೈದು ಲೆಕ್ಕ ಮುಗಿಯುವಷ್ಟರಲ್ಲಿ ಒಂದೇ ಗುಣ, ಹೆಚ್ಚಾಗಿ ತಿರುಗುವ ದಿಕ್ಕು, ಪದೇ ಪದೇ ಕಾಣಿಸಬಹುದು.

ಆಯ್ಕೆಗಳಲ್ಲಿ ಅತಿ ಹೆಚ್ಚು ಸಲ ಬಂದ ಆಕಾರ, ಅತಿ ಹೆಚ್ಚು ಸಲ ಬಂದ ಬಣ್ಣ ಸೇರಿಸಿದರೆ ಉತ್ತರ ಸಿಗುತ್ತದೆ ಎಂದು ಕೆಲವರು ಕಲಿಸುತ್ತಾರೆ. ಸರಿ ಉತ್ತರದಿಂದ ಒಂದೊಂದೇ ಗುಣ ಬದಲಿಸಿ ತಪ್ಪು ಆಯ್ಕೆಗಳನ್ನು ಮಾಡಿದ್ದರೆ ಮಾತ್ರ ಅದು ನಡೆಯುತ್ತದೆ. ನಂಬಿ ಕೂರುವಂಥದ್ದಲ್ಲ.

ಪ್ರಶ್ನೆ: ಎರಡು ಚಿತ್ರ ಸೇರಿ ಮೂರನೆಯದಾಗುವ ಲೆಕ್ಕದಲ್ಲಿ ಕೆಲವೊಮ್ಮೆ ಗೆರೆ ಉಳಿಯುತ್ತದೆ, ಕೆಲವೊಮ್ಮೆ ಮಾಯವಾಗುತ್ತದೆ. ಯಾವಾಗ ಏನು ಎಂದು ಹೇಗೆ ತಿಳಿಯುವುದು? (ಒಂಬತ್ತನೇ ತರಗತಿ ವಿದ್ಯಾರ್ಥಿ)

ಉತ್ತರ: ಊಹಿಸಬೇಡ, ಎಣಿಸು. ಮೊದಲ ಮನೆಯಲ್ಲಿ ನೆಟ್ಟಗಿನ ಗೆರೆ ಮತ್ತು ಅಡ್ಡ ಗೆರೆ, ಎರಡನೆಯದರಲ್ಲಿ ಅಡ್ಡ ಗೆರೆ ಮತ್ತು ಓರೆ ಗೆರೆ ಇವೆ ಎಂದುಕೋ. ಮೂರನೇ ಮನೆಯಲ್ಲಿ ಮೂರೂ ಗೆರೆ ಇದ್ದರೆ ಅದು ಬರೀ ಕೂಡಿಸಿದ್ದು. ಅಡ್ಡ ಗೆರೆ ಮಾತ್ರ ಇದ್ದರೆ ಎರಡರಲ್ಲೂ ಇರುವುದನ್ನು ಉಳಿಸಿದ್ದು. ಅಡ್ಡ ಗೆರೆ ಹೋಗಿ ನೆಟ್ಟಗಿನದೂ ಓರೆಯದೂ ಉಳಿದಿದ್ದರೆ, ಎರಡರಲ್ಲೂ ಇರುವುದನ್ನು ಅಳಿಸಿದ್ದು.

ಗುರುತಿಸಲು ಸುಲಭದ ದಾರಿ: ಒಂದು ಸಾಲಿನ ಮೂರು ಮನೆಗಳಲ್ಲಿ ಪ್ರತಿ ಗೆರೆ ಎಷ್ಟು ಸಲ ಬಂದಿದೆ ನೋಡು. ಎಲ್ಲ ಗೆರೆಯೂ ಸರಿಯಾಗಿ ಎರಡೆರಡು ಸಲ ಬಂದಿದ್ದರೆ ಅಳಿಸುವ ನಿಯಮ. ಕೆಲವು ಮೂರು ಸಲ, ಉಳಿದವು ಎರಡು ಸಲ ಬಂದಿದ್ದರೆ ಕೂಡಿಸುವ ನಿಯಮ. ಕೆಲವು ಮೂರು ಸಲ, ಉಳಿದವು ಒಂದೇ ಸಲ ಆದರೆ ಉಳಿಸುವ ನಿಯಮ.

ಒಂದು ಅಪಾಯವಿದೆ. ಮೊದಲೆರಡು ಮನೆಗಳಲ್ಲಿ ಸಮಾನ ಗೆರೆಯೇ ಇಲ್ಲದಿದ್ದರೆ ಕೂಡಿಸುವುದಕ್ಕೂ ಅಳಿಸುವುದಕ್ಕೂ ವ್ಯತ್ಯಾಸ ಕಾಣದು, ಎರಡರಲ್ಲೂ ಎಣಿಕೆ ಎರಡೆರಡೇ ಬರುತ್ತದೆ. ಆಗ ಸಮಾನ ಗೆರೆ ಇರುವ ಇನ್ನೊಂದು ಸಾಲನ್ನು ಹಿಡಿದು ನಿರ್ಧರಿಸು. ಬಹಳ ಮಂದಿ ಜಾರುವುದು ಇಲ್ಲೇ.

ನಿಯಮಗಳು ಲೆಕ್ಕವಿಲ್ಲದಷ್ಟು ಇವೆ ಎಂಬ ಭಯವೂ ಬೇಡ. ರೇವನ್ ಪರೀಕ್ಷೆ ಎಂದರೆ ಹೀಗೆ ಖಾಲಿ ಮನೆ ತುಂಬುವ ಚಿತ್ರಗಳದೇ ಬುದ್ಧಿಶಕ್ತಿ ಪರೀಕ್ಷೆ. ಅದರ ಕಠಿಣ ಆವೃತ್ತಿಯನ್ನು ವಿಶ್ಲೇಷಿಸಿದ ಕಾರ್ಪೆಂಟರ್, ಜಸ್ಟ್ ಮತ್ತು ಶೆಲ್ ಎಂಬ ಮನಶ್ಶಾಸ್ತ್ರಜ್ಞರು 1990ರಲ್ಲಿ ಪಟ್ಟಿ ಮಾಡಿದ್ದು ಐದೇ ಬಗೆ: ಸಾಲಿನಲ್ಲಿ ಬದಲಾಗದ್ದು, ಮನೆಯಿಂದ ಮನೆಗೆ ಏರುವ ಅಥವಾ ಇಳಿಯುವಂಥದ್ದು, ಕೂಡಿಸುವುದು ಅಥವಾ ಕಳೆಯುವುದು, ಮೂರು ಬಗೆ ಒಮ್ಮೊಮ್ಮೆ ಬರುವುದು, ಎರಡು ಮನೆಗಳಲ್ಲಿದ್ದು ಮೂರನೆಯದರಲ್ಲಿ ಇಲ್ಲದ್ದು. ಕಷ್ಟವಾಗುವುದು ಇವುಗಳಲ್ಲಿ ಎರಡು ಮೂರು ಒಂದೇ ಚಿತ್ರದಲ್ಲಿ ಸೇರಿಕೊಂಡಾಗ.

ಪ್ರಶ್ನೆ: ತಿರುಗಿಸಿದ ಚಿತ್ರಕ್ಕೂ ಕನ್ನಡಿ ಬಿಂಬಕ್ಕೂ ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ. ತರಗತಿಯಲ್ಲಿ ಹೇಗೆ ಹೇಳಿಕೊಡಲಿ? (ಶಿಕ್ಷಕಿ)

ಉತ್ತರ: ಮನಸ್ಸಿನಲ್ಲೇ ತಿರುಗಿಸಿ ನೋಡಿ ಎಂದರೆ ಅರ್ಧ ತರಗತಿಗೆ ಆಗುವುದಿಲ್ಲ ಮೇಡಂ. ಆಕೃತಿಯಲ್ಲಿ ಒಂದರಂತೆ ಒಂದಿಲ್ಲದ ಮೂರು ಗುರುತು ಹಿಡಿಯಲು ಹೇಳಿ. ಒಂದು ಮೂಲೆಯಲ್ಲಿ ಚುಕ್ಕಿ, ಇನ್ನೊಂದರಲ್ಲಿ ಗುಣಾಕಾರ ಚಿಹ್ನೆ, ಮತ್ತೊಂದರಲ್ಲಿ ಸಣ್ಣ ವೃತ್ತ ಎಂದಿಟ್ಟುಕೊಳ್ಳಿ. ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಓದಿದಾಗ ಚುಕ್ಕಿ, ಗುಣಾಕಾರ, ವೃತ್ತ ಎಂಬ ಸರದಿ ಹೊಸ ಚಿತ್ರದಲ್ಲೂ ಹಾಗೇ ಇದ್ದರೆ ಅದು ತಿರುಗಿಸಿದ್ದು, ಎಷ್ಟು ಡಿಗ್ರಿಯಾದರೂ ಸರಿ. ಚುಕ್ಕಿ, ವೃತ್ತ, ಗುಣಾಕಾರ ಎಂದಾದರೆ ಕನ್ನಡಿ ಬಿಂಬ. ಓದುವುದನ್ನು ಎಲ್ಲಿಂದ ಶುರು ಮಾಡಿದರೂ ಫಲಿತಾಂಶ ಬದಲಾಗದು.

ಜಾಣ ಮಕ್ಕಳೂ ಎಡವುವ ಒಂದು ಜಾಗವಿದೆ. ಚಿತ್ರವನ್ನು ಎಡ-ಬಲ ಒಮ್ಮೆ, ಮೇಲೆ-ಕೆಳಗೆ ಇನ್ನೊಮ್ಮೆ ಮಗುಚಿದರೆ ಸಿಗುವುದು ಬಿಂಬವಲ್ಲ, 180 ಡಿಗ್ರಿ ತಿರುಗಿದ ಮೂಲ ಚಿತ್ರವೇ. ಪಾರದರ್ಶಕ ಹಾಳೆಯ ಮೇಲೆ ಬರೆದು ಮಗುಚಿ ತೋರಿಸಿದರೆ ಮಾತು ಬೇಕಾಗದು.

ಪ್ರಶ್ನೆ: ಕನ್ನಡಿಯಲ್ಲಿ ಗಡಿಯಾರ 3:40 ತೋರಿಸಿದರೆ ನಿಜವಾದ ಸಮಯ ಎಷ್ಟು?

ಉತ್ತರ: 12:00 ಅನ್ನು 11:60 ಎಂದು ಬರೆದುಕೊಂಡು ಅದರಿಂದ ಕಳೆಯಿರಿ: 8:20. ಕಂಡದ್ದು 12 ದಾಟಿದ ಸಮಯವಾದರೆ 23:60ರಿಂದ ಕಳೆಯಬೇಕು; 12:10 ಕಂಡರೆ ನಿಜಕ್ಕೂ 11:50.

ಪ್ರಶ್ನೆ: ಕಾಗದ ಮಡಚಿ ತೂತು ಮಾಡುವ ಲೆಕ್ಕದಲ್ಲಿ ತೂತುಗಳ ಸಂಖ್ಯೆ ಸರಿ ಬರುತ್ತದೆ, ಜಾಗ ತಪ್ಪುತ್ತದೆ.

ಉತ್ತರ: ಬಹುಶಃ ನೀವು ಮಡಿಕೆಗಳನ್ನು ಮಡಚಿದ ಕ್ರಮದಲ್ಲೇ ಬಿಚ್ಚುತ್ತಿದ್ದೀರಿ, ತಪ್ಪುವುದು ಅಲ್ಲೇ. ಕೊನೆಯ ಮಡಿಕೆಯನ್ನು ಮೊದಲು ಬಿಚ್ಚಬೇಕು, ಪ್ರತಿ ಸಲವೂ ಆ ಮಡಿಕೆಯ ಗೆರೆಯನ್ನೇ ಕನ್ನಡಿ ಎಂದುಕೊಂಡು ಇರುವ ತೂತುಗಳನ್ನೆಲ್ಲ ಆಚೆ ಬದಿಗೆ ಅಷ್ಟೇ ದೂರದಲ್ಲಿ ಹಾಕಬೇಕು.

ಚೌಕ ಕಾಗದದ ಬಲ ಅರ್ಧವನ್ನು ಎಡಕ್ಕೆ, ಆಮೇಲೆ ಕೆಳ ಅರ್ಧವನ್ನು ಮೇಲಕ್ಕೆ ಮಡಚಿ. ಉಳಿದ ಸಣ್ಣ ಚೌಕದ ಮೇಲಿನ ಎಡ ಮೂಲೆಯಲ್ಲಿ ತೂತು ಮಾಡಿದರೆ, ಬಿಚ್ಚಿದಾಗ ದೊಡ್ಡ ಕಾಗದದ ನಾಲ್ಕು ಮೂಲೆಗಳಲ್ಲೂ ತೂತು. ಅದೇ ಸಣ್ಣ ಚೌಕದ ಕೆಳಗಿನ ಬಲ ಮೂಲೆಯ ಹತ್ತಿರ ಮಾಡಿದರೆ ನಾಲ್ಕೂ ಕಾಗದದ ನಡುವೆ ಗುಂಪಾಗಿ ಬರುತ್ತವೆ. ತೂತು ಯಾವ ಅಂಚಿನ ಬಳಿ ಇದೆ, ಅದು ಮಡಿಕೆಯ ಅಂಚೋ ಕಾಗದದ ಅಂಚೋ ಎಂದು ಮೊದಲು ಕೇಳಿಕೊಂಡರೆ ಅರ್ಧ ಆಯ್ಕೆಗಳು ಅಲ್ಲೇ ಬಿದ್ದುಹೋಗುತ್ತವೆ.

ಓರೆಯಾಗಿ ಮೂಲೆ ಮಡಚಿದಾಗ ಸಂಖ್ಯೆಯೂ ಕೈಕೊಡಬಹುದು. ತೂತು ಬಿದ್ದ ಜಾಗದಲ್ಲಿ ಎಷ್ಟು ಪದರ ಇತ್ತೋ ಅಷ್ಟೇ ತೂತು. ಎರಡು ಸಲ ಮಡಚಿದ್ದೇವೆ, ಆದ್ದರಿಂದ ನಾಲ್ಕು ಎನ್ನುವಂತಿಲ್ಲ.

ಪ್ರಶ್ನೆ: ‘ಗುಂಪಿಗೆ ಸೇರದ್ದು ಯಾವುದು’ ಎಂಬಲ್ಲಿ ನನಗೆ ಎರಡು ಉತ್ತರ ಸರಿ ಎನಿಸುತ್ತದೆ.

ಉತ್ತರ: ಪ್ರಶ್ನೆ ಸಡಿಲವಾಗಿದ್ದರೆ ನಿಜಕ್ಕೂ ಎರಡು ಇರಬಹುದು. ಅದಕ್ಕೆ ಮುಂಚೆ, ಉಳಿದ ನಾಲ್ಕಕ್ಕೂ ಒಪ್ಪುವ ವಾಕ್ಯವೊಂದನ್ನು ಹೇಳಿ ನೋಡಿ. ‘ಇದು ಬೇರೆ ಥರ ಇದೆ’ ಎನ್ನುವುದು ನಿಯಮವಲ್ಲ. ‘ನಾಲ್ಕರಲ್ಲೂ ಬಾಹುಗಳಷ್ಟೇ ಚುಕ್ಕಿಗಳಿವೆ, ಇದರಲ್ಲಿ ಒಂದು ಕಡಿಮೆ’ ಎನ್ನುವುದು ನಿಯಮ. ಬಾಹುಗಳ ಸಂಖ್ಯೆ, ತೆರೆದದ್ದೋ ಮುಚ್ಚಿದ್ದೋ, ಗೆರೆಗಳು ಕತ್ತರಿಸುವ ಬಿಂದುಗಳು, ಸಮಮಿತಿ, ತಿರುಗಿದ್ದೋ ಬಿಂಬವೋ ಎಂಬ ಸರದಿಯಲ್ಲಿ ಹುಡುಕಿ. ಗಾತ್ರ ಮತ್ತು ಓರೆತನ ಹೆಚ್ಚಾಗಿ ದಾರಿ ತಪ್ಪಿಸಲು ಹಾಕಿದವು.

ಪ್ರಶ್ನೆ: ಇಂಥ ಪುಸ್ತಕಗಳನ್ನು ತಂದು ಅಭ್ಯಾಸ ಮಾಡಿಸಿದರೆ ಮಗನ ಬುದ್ಧಿ ಹೆಚ್ಚುತ್ತದೆಯೇ?

ಉತ್ತರ: ಅಂಕ ಹೆಚ್ಚುತ್ತದೆ. ಬುದ್ಧಿಯೂ ಅಷ್ಟೇ ಹೆಚ್ಚಿತು ಎನ್ನಲು ಅದು ಸಾಕ್ಷಿಯಲ್ಲ. ಐಕ್ಯು, ಅಂದರೆ ಬುದ್ಧಿಮಟ್ಟದ ಅಂಕಿ, ಎನ್ನುವುದು ಅದೇ ವಯಸ್ಸಿನ ಮಕ್ಕಳ ಜೊತೆಗಿನ ಹೋಲಿಕೆ. ಸರಾಸರಿಯನ್ನು 100 ಎಂದು ಇಟ್ಟಿರುತ್ತಾರೆ. ಆ ಸರಾಸರಿ ಲೆಕ್ಕ ಹಾಕಿದ್ದು ಪ್ರಶ್ನೆಗಳನ್ನು ಮೊದಲ ಸಲ ನೋಡುವ ಮಕ್ಕಳಿಂದ. ಅದೇ ಪ್ರಶ್ನೆಗಳನ್ನು ಮನೆಯಲ್ಲಿ ಮಾಡಿಸಿ ಕಳಿಸಿದರೆ ಬಂದ ಅಂಕಿಗೆ ಅರ್ಥ ಉಳಿಯುವುದಿಲ್ಲ. ಮಗುವಿಗೆ ಯಾವುದರಲ್ಲಿ ನೆರವು ಬೇಕು ಎಂದು ತಿಳಿಯಲು ಪರೀಕ್ಷೆ ಕೊಡುತ್ತಿದ್ದರಂತೂ ಅದು ನಷ್ಟವೇ. ಪ್ರವೇಶ ಪರೀಕ್ಷೆಯ ಮಾತು ಬೇರೆ. ಅಲ್ಲಿ ಎಲ್ಲರೂ ಅಭ್ಯಾಸ ಮಾಡಿಯೇ ಬಂದಿರುತ್ತಾರೆ, ನೀವೂ ಧಾರಾಳವಾಗಿ ಮಾಡಿಸಿ.

ಜಾನ್ ರೇವನ್ 1938ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 12 ಪ್ರಶ್ನೆಗಳ ಐದು ಕಂತುಗಳಿವೆ, ಒಟ್ಟು 60. ಪ್ರತಿ ಕಂತೂ ತೀರಾ ಸುಲಭದಿಂದ ಶುರುವಾಗುತ್ತದೆ, ಆ ಕಂತಿನ ಯೋಚನೆ ಏನೆಂದು ಮೊದಲ ಪ್ರಶ್ನೆಗಳೇ ಕಲಿಸಿಕೊಡುತ್ತವೆ. ಹಾಗಾಗಿ ಸುಲಭದ್ದನ್ನು ಅವಸರದಲ್ಲಿ ದಾಟಿ ಕಷ್ಟದ್ದಕ್ಕೆ ಸಮಯ ಉಳಿಸುತ್ತೇನೆ ಎನ್ನುವ ಮಗು ಎರಡನ್ನೂ ಕಳೆದುಕೊಳ್ಳುತ್ತದೆ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಉತ್ತರ ಪತ್ರಿಕೆಯಲ್ಲೂ ಆ ಸಾಲು ಬಿಟ್ಟಿದ್ದಾನೆಯೇ ಎಂದು ಐದು ಪ್ರಶ್ನೆಗೊಮ್ಮೆ ನೋಡಿಕೊಳ್ಳಲು ಹೇಳಿ. ತಪ್ಪಿಗೆ ಅಂಕ ಕಳೆಯುವುದಿಲ್ಲ ಎಂದು ಸೂಚನೆಯಲ್ಲಿದ್ದರೆ ಯಾವುದನ್ನೂ ಖಾಲಿ ಬಿಡಬಾರದು. ಒಂದೇ ಗುಣ ಗೊತ್ತಾಗಿದ್ದರೂ ಅದಕ್ಕೆ ಒಪ್ಪದ ಆಯ್ಕೆಗಳನ್ನು ಹೊಡೆದುಹಾಕಿ ಉಳಿದವುಗಳಲ್ಲಿ ಒಂದಕ್ಕೆ ಗುರುತು ಹಾಕಲಿ.