ಎರಡೂ ಕಡೆ ಹನ್ನೆರಡು ಜಾತಿ: ವೈವಿಧ್ಯ ಸಮವೇ?

ಪ್ರಶ್ನೆ: ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ನನ್ನ ಮಗಳು ಒಂದು ಬೆಳಿಗ್ಗೆ 12 ಜಾತಿಯ ಹಕ್ಕಿಗಳನ್ನು ಗುರುತಿಸಿದಳು, ನಮ್ಮ ಎರೆಹೊಲದಲ್ಲಿಯೂ 12 ಸಿಕ್ಕವು. ಎರಡೂ ಕಡೆಯ ವೈವಿಧ್ಯ ಸಮವೆನ್ನಬಹುದೇ? ನೀರು ತುಂಬಿದಾಗ ನಡುಗಡ್ಡೆಯಾಗುವ ದಿಬ್ಬದ ಲೆಕ್ಕವನ್ನು ಹೇಗೆ ಹಾಕಬೇಕು?
– ಓದುಗರೊಬ್ಬರು, ಬೀಳಗಿ

ಉತ್ತರ: ಸಂಖ್ಯೆ ಸಮವಾದ ಮಾತ್ರಕ್ಕೆ ವೈವಿಧ್ಯ ಸಮವಾಗುವುದಿಲ್ಲ. ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಎರಡರಲ್ಲಿಯೂ ಇರುವ ಹೆಸರುಗಳಿಗೆ ಗುರುತು ಹಾಕಿರಿ. ಬೆಳ್ಳಕ್ಕಿ, ಟಿಟ್ಟಿಭ, ಕಾಗೆ, ಕಾಜಾಣ ಈ ನಾಲ್ಕೇ ಎರಡೂ ಕಡೆ ಕಂಡಿದ್ದರೆ ಒಟ್ಟು ಜಾತಿಗಳು 20 ಆಗುತ್ತವೆ. ಪರಿಸರವಿಜ್ಞಾನಿ ರಾಬರ್ಟ್ ವಿಟಕರ್ ಅವರು 1960ರಲ್ಲಿ ಒಂದೊಂದು ನೆಲೆಯ ಎಣಿಕೆಯನ್ನು ಆಲ್ಫಾ, ಇಡೀ ಪ್ರದೇಶದ್ದನ್ನು ಗಾಮಾ, ನೆಲೆಯಿಂದ ನೆಲೆಗೆ ಜಾತಿಗಳು ಬದಲಾಗುವ ಪ್ರಮಾಣವನ್ನು ಬೀಟಾ ಎಂದು ಕರೆದರು. ಗಾಮಾವನ್ನು ಆಲ್ಫಾದಿಂದ, ಅಂದರೆ 20ನ್ನು 12ರಿಂದ ಭಾಗಿಸಿದರೆ ಬೀಟಾ ಸುಮಾರು 1.67. ಎರಡು ನೆಲೆಗಳಿರುವಾಗ ಪಟ್ಟಿಗಳು ಒಂದೇ ಆಗಿದ್ದರೆ ಅದು 1, ಒಂದು ಹೆಸರೂ ಕೂಡದಿದ್ದರೆ 2. ಅಂದರೆ ನಿಮ್ಮ ಹೊಲವೂ ದಂಡೆಯೂ ಬಹುಮಟ್ಟಿಗೆ ಬೇರೆ ಬೇರೆ ಹಕ್ಕಿಗಳನ್ನು ಸಾಕುತ್ತಿವೆ. ಒಂದು ಹಾಳಾದರೆ ಇನ್ನೊಂದು ಆ ಕೊರತೆಯನ್ನು ತುಂಬಲಾರದು. ನನ್ನ ಮಟ್ಟಿಗೆ ಈ ಲೆಕ್ಕದ ಜೀವಾಳವೇ ಇದು.

ಪ್ರತಿ ಜಾತಿಯ ಹಕ್ಕಿಗಳೆಷ್ಟು ಎಂಬುದನ್ನೂ ಮಗಳು ಬರೆದಿಡಲಿ. ನೂರು ಹಕ್ಕಿಗಳಲ್ಲಿ ನಾಲ್ಕು ಜಾತಿಗಳು ತಲಾ 25 ಇರುವುದಕ್ಕೂ, 97 ಬೆಳ್ಳಕ್ಕಿಗಳ ನಡುವೆ ಉಳಿದ ಮೂರು ಜಾತಿಗಳು ಒಂದೊಂದೇ ಇರುವುದಕ್ಕೂ ಬಹಳ ಅಂತರವಿದೆ: ಒಟ್ಟಿನಲ್ಲಿ ಪ್ರತಿ ಜಾತಿಯ ಪಾಲನ್ನು ವರ್ಗ ಮಾಡಿ ಕೂಡಿದರೆ ಬರುವ ಸಿಂಪ್ಸನ್ ಸೂಚ್ಯಂಕದಿಂದ 1ನ್ನು ಭಾಗಿಸಿ ಅದರ ವಿಲೋಮವನ್ನು ತೆಗೆದರೆ ಮೊದಲನೆಯದಕ್ಕೆ 4, ಎರಡನೆಯದಕ್ಕೆ 1.06 ಮಾತ್ರ ಬರುತ್ತದೆ. ಎರಡೂ ಕಡೆ ಎಣಿಕೆಯ ಹೊತ್ತು ಒಂದೇ ಆಗಿರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಇನ್ನು ದಿಬ್ಬದ ವಿಚಾರ. ಜೀವವಿಜ್ಞಾನಿಗಳಾದ ಮ್ಯಾಕ್ಆರ್ಥರ್ ಮತ್ತು ವಿಲ್ಸನ್ ಅವರು 1967ರ ಪುಸ್ತಕದಲ್ಲಿ ವಿವರಿಸಿದ ಸಿದ್ಧಾಂತದಂತೆ, ಹೊಸದಾಗಿ ಬಂದು ಸೇರುವ ಮತ್ತು ಇದ್ದು ಅಳಿಯುವ ಜಾತಿಗಳ ಸಮತೋಲನವೇ ದ್ವೀಪದ ಜಾತಿಸಂಖ್ಯೆಯನ್ನು ನಿರ್ಧರಿಸುತ್ತದೆ. ದೂರ ಹೆಚ್ಚಿದಷ್ಟೂ ಬರುವವು ಕಡಿಮೆ, ವಿಸ್ತೀರ್ಣ ಕಿರಿದಾದಷ್ಟೂ ಅಳಿಯುವವು ಹೆಚ್ಚು. ದ್ವೀಪದ ವಿಸ್ತೀರ್ಣ ಹತ್ತು ಪಟ್ಟಾದರೆ ಜಾತಿಗಳು ಸ್ಥೂಲವಾಗಿ ಎರಡು ಪಟ್ಟಾಗುತ್ತವೆ. ಆದರೆ ಹಕ್ಕಿಗೆ ಆ ನೀರು ಒಂದು ಹಾರುವಿಕೆಯ ದೂರವಷ್ಟೇ. ಆದ್ದರಿಂದ ದಿಬ್ಬದ ಮೇಲೆ ಇರುವೆ, ಓತಿಕ್ಯಾತಗಳನ್ನು ಎಣಿಸುವುದು ಒಳ್ಳೆಯದು. ಬೇಸಿಗೆಯಲ್ಲಿ ನೀರಿಳಿದು ದಿಬ್ಬ ದಂಡೆಗೆ ಕೂಡಿಕೊಂಡಾಗ ಅದೇ ಜಾಗದಲ್ಲಿ, ಅಷ್ಟೇ ಹೊತ್ತು ಮತ್ತೊಮ್ಮೆ ಎಣಿಸಿ, ಎರಡು ಪಟ್ಟಿಗಳನ್ನೂ ಹೋಲಿಸಿ ನೋಡಿರಿ.