ನಾಲ್ಕನೇ ಪುಟದಲ್ಲಿದ್ದ ಅಕ್ಕ

ದಾವಣಗೆರೆಯ ತಂಗಿಗೆ,

ನಿಮ್ಮ ಪತ್ರವನ್ನು ಸೋಮವಾರ ಬೆಳಿಗ್ಗೆ ಓದಿದೆ. ಆರು ಪುಟ, ಕೈಬರಹ. ಒಂದೊಂದು ಪುಟದ್ದೂ ಫೋಟೊ ತೆಗೆದು ಮೇಲ್ ಮಾಡಿದ್ದೀರಿ. ಮಧ್ಯಾಹ್ನ ಊಟಕ್ಕೆ ಕೂತಾಗ ಅದರದ್ದೇ ಯೋಚನೆ. ಕೈ ತೊಳೆದು ಬಂದು ನಾಲ್ಕನೇ ಪುಟವನ್ನು ಇನ್ನೊಂದು ಸಲ ಓದಿದೆ. ಸರದಿಯಲ್ಲಿದ್ದ ಬೇರೆ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟು ಇದಕ್ಕೇ ಮೊದಲು ಉತ್ತರ ಬರೆಯುತ್ತಿದ್ದೇನೆ.

ಉಳಿದ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಈ ತಂಗಿಗೆ 51 ವರ್ಷ. 1987ರಲ್ಲಿ ಪಕ್ಕದ ಮನೆಯ ಕಿಟಕಿ ಸರಳು ಹಿಡಿದು ನಿಂತು ‘ಮಾಲ್ಗುಡಿ ಡೇಸ್’ ನೋಡಿದವರು. ಹಿಂದಿ ಅಷ್ಟಾಗಿ ಬರುತ್ತಿರಲಿಲ್ಲ. ಆದರೂ ಸ್ವಾಮಿಯ ಅಪ್ಪನ ಪಾತ್ರದಲ್ಲಿ ಗಿರೀಶ್ ಕಾರ್ನಾಡರು ಗದರಿದರೆ ಕಿಟಕಿಯಾಚೆ ಇವರಿಗೂ ಎದೆ ಹೊಡೆದುಕೊಳ್ಳುತ್ತಿತ್ತಂತೆ. 2020ರ ಲಾಕ್‌ಡೌನ್‌ನಲ್ಲಿ ಅದೇ ಧಾರಾವಾಹಿಯನ್ನು ಮೊಬೈಲ್‌ನಲ್ಲಿ ಮತ್ತೆ ನೋಡಲು ಶುರು ಮಾಡಿದರು. ಅಲ್ಲಿಂದ ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಸೇರಿದರು. 61 ಜನ. ಆರ್.ಕೆ. ಲಕ್ಷ್ಮಣ್ ಅವರ ಶೀರ್ಷಿಕೆ ಚಿತ್ರಗಳನ್ನು ನೋಡಿಕೊಂಡು ಬಿಡಿಸುವವರು ಅದರಲ್ಲಿದ್ದಾರೆ. ಎಲ್. ವೈದ್ಯನಾಥನ್ ಅವರ ಆ ರಾಗವನ್ನು ಕೊಳಲಿನಲ್ಲಿ ನುಡಿಸಿ ಹಾಕುವವರಿದ್ದಾರೆ. ಯಾವ ಕಂತಿನ ಯಾವ ಬೀದಿ ಆಗುಂಬೆಯಲ್ಲಿ ಈಗ ಹೇಗಿದೆ ಎಂದು ಹುಡುಕುವವರಿದ್ದಾರೆ. ನವೆಂಬರ್ 9 ಧಾರಾವಾಹಿಯ ನಿರ್ದೇಶಕ ಶಂಕರ್‌ನಾಗ್ ಹುಟ್ಟಿದ ದಿನ. ಅವತ್ತು ಎಲ್ಲರ ಮನೆಯಲ್ಲೂ ಏನಾದರೊಂದು ಸಿಹಿ. ಸೆಪ್ಟೆಂಬರ್ 30ಕ್ಕೆ ಈ ತಂಗಿ ಮಾರ್ಕೆಟ್‌ಗೆ ಅಂತ ಹೇಳಿ ಆನಗೋಡಿಗೆ ಹೋಗಿ ಬರುತ್ತಾರೆ. 1990ರಲ್ಲಿ ಶಂಕರ್‌ನಾಗ್ ತೀರಿಕೊಂಡ ಆ ಅಪಘಾತ ಆದ ಜಾಗಕ್ಕೆ.

ಈಗ ಗಂಡ ‘ಮುಖ ಕಾಣದವರ ಜೊತೆ ಏನು ಟೈಮ್‌ಪಾಸ್’ ಅನ್ನುತ್ತಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ‘ಗುರುತಿಲ್ಲದವರನ್ನ ನಂಬಿ ಮೋಸ ಹೋಗ್ತೀಯ, ಗಣಪತಿ ಹಬ್ಬದೊಳಗೆ ಗ್ರೂಪಿಂದ ಹೊರಗೆ ಬಾ’ ಎಂದು ಗಡುವು ಕೊಟ್ಟಿದ್ದಾಳೆ. ಗುಂಪು ಬಿಡಲೇ, ಇರಲೇ? ಇದು ಪ್ರಶ್ನೆ.

ಬಿಡಬೇಡಿ. ಆ ಪ್ರಶ್ನೆಗೆ ಇಷ್ಟೇ ಉತ್ತರ.

ನಿಮ್ಮ ಯಜಮಾನರ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಈ ಅಂಕಣ ಓದುವವರಿಗೆ ಗೊತ್ತು, ‘ಟೈಮ್‌ಪಾಸ್’ ಅನ್ನುವ ಮಾತು ನನಗೆ ಆಗಿಬರುವುದಿಲ್ಲ. ಗಂಡಸರು ರಾತ್ರಿ ಹನ್ನೊಂದರವರೆಗೆ ಕ್ರಿಕೆಟ್ ನೋಡಿದರೆ ಯಾರೂ ಆ ಮಾತು ಹೇಳುವುದಿಲ್ಲ. ಹೆಂಗಸು ಅಡುಗೆಮನೆ ಕಟ್ಟೆಗೆ ಮೊಬೈಲ್ ಒರಗಿಸಿಕೊಂಡು ಅರ್ಧ ಗಂಟೆ ಒಂದು ಕಂತು ನೋಡಿದರೆ ತಕ್ಷಣ ಹೇಳುತ್ತಾರೆ. ಹದಿಮೂರು ವರ್ಷಕ್ಕೆ ಇಷ್ಟವಾದದ್ದು ಐವತ್ತೊಂದಕ್ಕೂ ಇಷ್ಟವಾಗಿ ಉಳಿದಿದೆ ಅಂದರೆ ಅದು ನಿಮ್ಮ ಆಸ್ತಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಮಗಳದ್ದು ಬೇರೆ. ಅವಳಿಗೆ ಹೆದರಿಕೆ. ದಿನಾ ಪೇಪರಿನಲ್ಲಿ ಡಿಜಿಟಲ್ ಅರೆಸ್ಟ್, ಓಟಿಪಿ ಮೋಸ ಅಂತ ಓದುವ ಹುಡುಗಿ ಅಮ್ಮನ ಬಗ್ಗೆ ಹೆದರದೆ ಇರುತ್ತಾಳಾ? ಅವಳ ಮೇಲೆ ಕೋಪ ಬೇಡ.

ಈಗ ನಾಲ್ಕನೇ ಪುಟಕ್ಕೆ ಬರುತ್ತೇನೆ.

ಅಲ್ಲಿ ಮಗಳ ಗಡುವಿನ ಮಾತಿನ ನಡುವೆ ಎರಡೇ ಎರಡು ಸಾಲು ಇದೆ: ‘ನಮ್ಮ ಗುಂಪಿನ ಸಾಗರದ ಅಕ್ಕನೂ 19 ದಿನದಿಂದ ಮಾತಾಡ್ತಿಲ್ಲ, ನನ್ನನ್ನ ಬ್ಲಾಕ್ ಮಾಡಿರಬೇಕು. ಇರಲಿ ಬಿಡಿ, ಕೇಳೋಕೆ ನನಗೇನು ಹಕ್ಕಿದೆ.’ ಅಷ್ಟು ಬರೆದು ಮತ್ತೆ ಗಣಪತಿ ಹಬ್ಬಕ್ಕೆ ಹೋಗಿಬಿಟ್ಟಿದ್ದೀರಿ.

ತಂಗಿ, ಆರು ಪುಟದಲ್ಲಿ ಆ ಅಕ್ಕ ಎಲ್ಲೆಲ್ಲಿ ಬರುತ್ತಾರೆ ಅಂತ ನಾನು ಪೆನ್ಸಿಲ್ ಹಿಡಿದು ಗುರುತು ಹಾಕಿದೆ. ಗಂಡನಿಗಿಂತ ಜಾಸ್ತಿ ಸಲ ಬರುತ್ತಾರೆ. ಎಪ್ಪತ್ತು ವರ್ಷದ ನಿವೃತ್ತ ಟೀಚರ್. ಸಾಗರದಿಂದ ಒಳಗೆ ಒಂದು ಹಳ್ಳಿಯಲ್ಲಿ ಒಬ್ಬರೇ ಇರುತ್ತಾರೆ. ಆಗುಂಬೆಯಲ್ಲಿ ಶೂಟಿಂಗ್ ನಡೆಯುವಾಗ ಅಲ್ಲೇ ಹತ್ತಿರದ ಶಾಲೆಯಲ್ಲಿದ್ದರು. ದೊಡ್ಡಮನೆಯ ಅಂಗಳದಲ್ಲಿ ಲೈಟು, ಕ್ಯಾಮೆರಾ ನೋಡಿದವರು. ಜನ ಸೇರಿದ ಒಂದು ದೃಶ್ಯದಲ್ಲಿ ತಮ್ಮ ಬೆನ್ನು ಕಾಣುತ್ತದೆ, ಯಾವ ಕಂತು ಅಂತ ನೀವೇ ಹುಡುಕಿ ಎಂದು ಗುಂಪಿಗೆ ಸವಾಲು ಹಾಕಿದ್ದಾರೆ. ಐದು ವರ್ಷವಾದರೂ ಯಾರಿಗೂ ಸಿಕ್ಕಿಲ್ಲ. ಪ್ರತಿ ರಾತ್ರಿ 9.40ಕ್ಕೆ ನಿಮಗೆ ಧಾರಾವಾಹಿಯ ಒಂದು ಚಿತ್ರ ಕಳಿಸಿ ‘ಇದು ಯಾವ ಕಂತು, ಹೇಳು’ ಎಂದು ಕೇಳುತ್ತಿದ್ದರು. ಗುಂಪಿಗಲ್ಲ, ನಿಮಗೊಬ್ಬರಿಗೇ. ನಿಮ್ಮ ಅತ್ತೆ ತೀರಿಕೊಂಡ ದಿನ ಚಿತ್ರ ಕಳಿಸಲಿಲ್ಲ. ‘ಇವತ್ತು ಬೇಡ. ಊಟ ಮಾಡಿದೆಯಾ?’ ಎಂದು ವಾಯ್ಸ್ ಮೆಸೇಜ್ ಕಳಿಸಿದರು. ಹೋದ ಬೇಸಿಗೆಯಲ್ಲಿ ಒಂದು ಡಬ್ಬಿ ಅಪ್ಪೆಮಿಡಿ ಉಪ್ಪಿನಕಾಯಿ ಪೋಸ್ಟ್ ಮಾಡಿದರು. ಇದೆಲ್ಲ ಬರೆದವರು ನೀವೇ.

ಮತ್ತೆ ಆ ಕೊನೆಯ ದಿನದ ಜಗಳ. 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶಿಸಿದ ಹೊಸ ಕಂತುಗಳು ಬಂದವಲ್ಲ, ಅವೂ ಮಾಲ್ಗುಡಿಯೇ ಎಂದು ನೀವು. ಶಂಕರ್‌ನಾಗ್ ಇಲ್ಲದ್ದು ಮಾಲ್ಗುಡಿಯೇ ಅಲ್ಲ ಎಂದು ಅವರು. ನೀವು ಸ್ವಲ್ಪ ಜೋರಾಗಿ ಬರೆದಿರಿ. ಮಾರನೇ ದಿನದಿಂದ ಒಂದೇ ಟಿಕ್. ಅದಕ್ಕೇ ಬ್ಲಾಕ್ ಮಾಡಿದ್ದಾರೆ ಅಂದುಕೊಂಡು ಮುನಿಸಿಕೊಂಡು ಕೂತಿದ್ದೀರಿ.

ಒಂದು ಕೆಲಸ ಮಾಡಿ. ಗುಂಪಿಗೆ ನೀವು ಈಚೆಗೆ ಹಾಕಿದ ಯಾವುದಾದರೂ ಮೆಸೇಜಿನ ಮೇಲೆ ಬೆರಳು ಒತ್ತಿ ಹಿಡಿದು ‘ಇನ್ಫೋ’ ನೋಡಿ. ಯಾರು ಯಾರು ಓದಿದ್ದಾರೆ, ಯಾರಿಗೆ ತಲುಪಿದೆ ಅಂತ ಹೆಸರು ಬರುತ್ತದೆ. ಒಬ್ಬರು ನಿಮ್ಮನ್ನು ಬ್ಲಾಕ್ ಮಾಡಿದರೂ ಗುಂಪಿಗೆ ಹಾಕಿದ ಮೆಸೇಜು ಅವರಿಗೆ ಹೋಗಿಯೇ ಹೋಗುತ್ತದೆ. ಅಕ್ಕನ ಹೆಸರು ಎರಡೂ ಪಟ್ಟಿಯಲ್ಲಿ ಇಲ್ಲದಿದ್ದರೆ ಅವರು ಸಿಟ್ಟಾಗಿ ಬ್ಲಾಕ್ ಮಾಡಿಲ್ಲ. ಅವರ ಫೋನು ಇಂಟರ್‌ನೆಟ್‌ಗೇ ಸಿಗುತ್ತಿಲ್ಲ. ದಿನಾ 9.40 ತಪ್ಪಿಸದ, ಒಬ್ಬರೇ ಇರುವ ಎಪ್ಪತ್ತು ವರ್ಷದ ಹೆಂಗಸಿನ ಫೋನು 19 ದಿನದಿಂದ ಸುಮ್ಮನಿದೆ. ನಾನು ಊಟ ಬಿಟ್ಟು ಎದ್ದದ್ದು ಇದಕ್ಕೆ.

ಸುಮ್ನೆ ರೀಚಾರ್ಜ್ ಮುಗಿದಿರಬಹುದು. 28 ದಿನದ ಪ್ಯಾಕು ಮುಗಿದದ್ದು ಎಷ್ಟೋ ಹಿರಿಯರಿಗೆ ತಿಳಿಯುವುದೇ ಇಲ್ಲ. ಮಲೆನಾಡಿನ ಮಳೆಗೆ ಕರೆಂಟ್ ಹೋಗಿ ಟವರ್ ಸತ್ತಿರಬಹುದು. ಫೋನು ನೀರಿಗೆ ಬಿದ್ದಿರಬಹುದು. ಬಚ್ಚಲಲ್ಲಿ ಜಾರಿ ಅವರೇ ಬಿದ್ದಿರಬಹುದು. ಇದರಲ್ಲಿ ಯಾವುದು ಅಂತ ದಾವಣಗೆರೆಯಲ್ಲಿ ಕೂತು ನಿಮಗೂ ತಿಳಿಯುವುದಿಲ್ಲ, ಇಲ್ಲಿ ಕೂತು ನನಗೂ ತಿಳಿಯುವುದಿಲ್ಲ.

ಇನ್ನು ಆ ಅಡ್ಮಿನ್. ನನಗೆ ಈ ಇಡೀ ಪತ್ರದಲ್ಲಿ ಸಿಟ್ಟು ಬಂದದ್ದು ಅವರ ಮೇಲೆ. ನೀವು ಹನ್ನೊಂದನೇ ದಿನ ‘ಅಕ್ಕ ಎಲ್ಲಿ, ಯಾರಿಗಾದರೂ ಗೊತ್ತಾ?’ ಎಂದು ಗುಂಪಿನಲ್ಲಿ ಕೇಳಿದ್ದೀರಿ. ಆ ಮಹಾಶಯರು ಅದನ್ನು ಡಿಲೀಟ್ ಮಾಡಿ ‘ವೈಯಕ್ತಿಕ ವಿಷಯ ಬೇಡ, ಪ್ಲೀಸ್’ ಎಂದು ಹಾಕಿದ್ದಾರೆ. ನೀವು ಅವರಿಗೆ ಸಾರಿ ಕೇಳಿದ್ದೀರಿ! ಯಾಕೆ ಕೇಳಿದಿರಿ? ಐದು ವರ್ಷ ಜೊತೆಗಿದ್ದ ಒಬ್ಬರು ಕಾಣೆಯಾದರೆ ಅದು ವೈಯಕ್ತಿಕವಾ? 61 ಜನರಲ್ಲಿ ಒಬ್ಬರಾದರೂ ಒಂದು ಫೋನ್ ಮಾಡಲಿಲ್ಲ. ಶಂಕರ್‌ನಾಗ್ ಹೋಗಿ ಮೂವತ್ತೈದು ವರ್ಷವಾಯಿತು, ಅವರನ್ನು ವರ್ಷ ವರ್ಷ ನೆನೆಯುವ ಗುಂಪು ಇದು. ಇರುವವರನ್ನು ವಿಚಾರಿಸುವುದಕ್ಕೆ ಅಲ್ಲಿ ನಿಯಮ ಅಡ್ಡ ಬಂತು. ಅಡ್ಮಿನ್ ಇದನ್ನು ಓದಿದರೆ ಓದಲಿ. ಆ ನಿಯಮವನ್ನು ಇವತ್ತೇ ತೆಗೆಯಲಿ.

ನೀವು ಹಕ್ಕಿನ ಮಾತು ಎತ್ತಿದ್ದೀರಿ. ನಮ್ಮ ಬೀದಿಯಲ್ಲಿ ಹೂ ಮಾರಲು ಬರುವ ಒಬ್ಬ ಹೆಂಗಸಿದ್ದಾರೆ. ಮೂಲೆಮನೆಯ ಅಜ್ಜಿಯ ಹೆಸರು ಅವರಿಗೆ ಗೊತ್ತಿರಲಿಲ್ಲ. ‘ಅರ್ಧ ಮೊಳದ ಅಜ್ಜಿ’ ಅನ್ನುತ್ತಿದ್ದರು, ದಿನಾ ಅರ್ಧ ಮೊಳ ಮಲ್ಲಿಗೆ ಕೊಳ್ಳುತ್ತಿದ್ದರು ಅಂತ. ಒಂದು ದಿನ ಎಂಟು ಗಂಟೆಯಾದರೂ ಅಜ್ಜಿಯ ಬಾಗಿಲಿಗೆ ರಂಗೋಲಿ ಬಿದ್ದಿರಲಿಲ್ಲ. ಹೂವಿನವರು ಬುಟ್ಟಿ ಇಳಿಸಿ ಬಾಗಿಲು ಬಡಿದರು. ಆಮೇಲೆ ನಮ್ಮನ್ನೆಲ್ಲ ಕೂಗಿದರು. ಅಜ್ಜಿ ಒಳಗೆ ಕಾಲು ಮುರಿದುಕೊಂಡು ಬಿದ್ದಿದ್ದರು. ಗೋಡೆಗೆ ಗೋಡೆ ತಾಗಿದ ಮನೆಯಲ್ಲಿದ್ದ ನನಗೆ ಗೊತ್ತಾಗಿರಲಿಲ್ಲ. ಹೆಸರು ತಿಳಿಯದ ಹೂವಿನವರಿಗೆ ಗೊತ್ತಾಯಿತು. ಅವತ್ತಿನಿಂದ ಯಾರಾದರೂ ‘ನಾನು ಅವರಿಗೆ ಯಾರು ಅಂತ ಕೇಳಲಿ’ ಅಂದರೆ ನಾನು ಒಪ್ಪುವುದಿಲ್ಲ. ಇಲ್ಲ ಅಂತ ಮೊದಲು ಗಮನಿಸಿದವರು ಕೇಳಬೇಕು. ಈ ಅಂಕಣದಲ್ಲಿ ಇದನ್ನು ಮೊದಲೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. 9.40ಕ್ಕೆ ಚಿತ್ರ ಬರಲಿಲ್ಲ ಅಂತ ಈ ಭೂಮಿಯ ಮೇಲೆ ಗೊತ್ತಿರುವುದು ನಿಮಗೊಬ್ಬರಿಗೇ ಅಲ್ವಾ?

ಹಾಗಾಗಿ ನಿಮಗೆ ಹೇಳುವುದು ಒಂದೇ. ಸಾಗರಕ್ಕೆ ಹೋಗಿ.

ಮೊದಲು ಫೋನ್ ಮಾಡಿ. ಐದು ವರ್ಷದಲ್ಲಿ ಒಂದು ಸಲವೂ ನೇರವಾಗಿ ಫೋನ್ ಮಾಡಿಲ್ಲ ಎಂದು ಬರೆದಿದ್ದೀರಿ. ಬರೀ ಮೆಸೇಜು, ವಾಯ್ಸ್ ಮೆಸೇಜು. ಇಂಟರ್‌ನೆಟ್ ಇಲ್ಲದಿದ್ದರೂ ಮಾಮೂಲಿ ಕರೆ ಹೋಗಬಹುದು. ಎತ್ತಿದರೆ ಸಂತೋಷ. ಎತ್ತಲಿಲ್ಲ, ಸ್ವಿಚ್ ಆಫ್ ಅಂತ ಬಂತು ಅಂದರೆ ಮತ್ತೆ ಮತ್ತೆ ಒತ್ತುತ್ತಾ ಕೂರಬೇಡಿ. ಉಪ್ಪಿನಕಾಯಿ ಬಂದ ಪಾರ್ಸೆಲ್ಲಿನ ಕವರ್ ತೆಗೆಯಿರಿ. ಅಕ್ಕನ ‘ಟೀಚರ್ ಅಕ್ಷರ’ ಚೆಂದ ಇದೆ ಅಂತ ಅದನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ ಎಂದಿದ್ದೀರಿ, ಐದನೇ ಪುಟದಲ್ಲಿ. ಕಳಿಸಿದವರ ವಿಳಾಸ ಅದರ ಮೇಲೇ ಇರುತ್ತದೆ. ಊರು, ಅಂಚೆ, ತಾಲ್ಲೂಕು. ಊರಿಗೆ ಹೋಗಿ ಅಂಚೆ ಕಚೇರಿಯಲ್ಲಿ ಕೇಳಿ. ಅಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ಟೀಚರ್ ಮನೆ ಯಾವುದು ಅಂತ ಪೋಸ್ಟ್‌ಮ್ಯಾನ್ ತೋರಿಸುತ್ತಾರೆ.

ಎಲ್ಲಿಗೆ ಹೋಗಬೇಕಾದರೂ ಮನೆಯವರ ಹತ್ತಿರ ದುಡ್ಡು ಕೇಳಬೇಕು, ಅದಕ್ಕೇ ಎರಡು ಸಲ ಅರಸಾಳಿಗೆ ಬರ್ತೀನಿ ಅಂದು ಹೋಗಲಾಗಲಿಲ್ಲ ಎಂದು ಬರೆದಿದ್ದೀರಿ. ಅಲ್ಲಿನ ಹಳೆಯ ರೈಲು ನಿಲ್ದಾಣ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆದಾಗಿನಿಂದ ಅಕ್ಕ ಕರೆಯುತ್ತಲೇ ಇದ್ದರಂತೆ. ಈ ಸಲ ಕೇಳಬೇಕಾಗಿಲ್ಲ. 2023ರ ಜೂನ್‌ನಿಂದ ಮಾಮೂಲಿ ಸರ್ಕಾರಿ ಬಸ್ಸಿನಲ್ಲಿ ನಿಮಗೆ ಟಿಕೆಟ್ ಉಚಿತ. ಆಧಾರ್ ಕಾರ್ಡು ಕೈಚೀಲದಲ್ಲಿ ಇಟ್ಟುಕೊಳ್ಳಿ. ನಿಮ್ಮ ಕಡೆ ಖಾಸಗಿ ಬಸ್ಸು ಜಾಸ್ತಿ, ಅದರಲ್ಲಿ ಇದು ನಡೆಯುವುದಿಲ್ಲ. ಕೆಎಸ್ಆರ್‌ಟಿಸಿ ನೋಡಿ ಹತ್ತಿ. ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ. ಬೆಳಿಗ್ಗೆ ಬೇಗ ಹೊರಟರೆ ಊಟದ ಹೊತ್ತಿಗೆ ಸಾಗರ.

ಮಗಳನ್ನೂ ಕರೆದುಕೊಂಡು ಹೋಗಿ. ಶನಿವಾರ ರಾತ್ರಿ ಹೊರಟು ಬಾ ಅನ್ನಿ. ‘ಅದು ಅಕ್ಕ ಅಂತ ನಿನಗೆ ಹೇಗೆ ಗೊತ್ತು, ಯಾವನೋ ಗಂಡಸಿರಬಹುದು’ ಎಂದವಳು ಅವಳೇ ಅಲ್ವಾ? ಐದು ವರ್ಷದಲ್ಲಿ ಒಂದು ರೂಪಾಯಿ ಕೇಳದೆ ಉಪ್ಪಿನಕಾಯಿ ಕಳಿಸಿದವರು ಯಾರು ಅಂತ ಅವಳೂ ನೋಡಲಿ. ಜೊತೆಗೆ ಒಬ್ಬರಿದ್ದರೆ ನಿಮಗೂ ಧೈರ್ಯ.

ಯಾಕೆಂದರೆ ಬಾಗಿಲು ತೆರೆಯುವವರು ಬೇರೆಯವರಾಗಿರಬಹುದು. ಮುಚ್ಚಿಟ್ಟು ಬರೆಯಲು ನನಗೆ ಇಷ್ಟವಿಲ್ಲ. ಹಾಗೇನಾದರೂ ಆದರೆ ಅಲ್ಲಿಂದ ಹಾಗೇ ತಿರುಗಿ ಬರಬೇಡಿ. ಒಳಗೆ ಹೋಗಿ ಕೂತುಕೊಳ್ಳಿ. ದಿನಾ ರಾತ್ರಿ 9.40ಕ್ಕೆ ಅಕ್ಕ ಏನು ಮಾಡುತ್ತಿದ್ದರು ಅಂತ ಆ ಮನೆಯವರಿಗೆ ಹೇಳಿ. ಅವರಿಗೆ ಅದು ಗೊತ್ತಿರುವುದಿಲ್ಲ.

ಇನ್ನೊಂದು ವಿಷಯ. ತಲುಪದ ಮೆಸೇಜನ್ನು ವಾಟ್ಸ್‌ಆ್ಯಪ್ 30 ದಿನ ಮಾತ್ರ ಇಟ್ಟುಕೊಳ್ಳುತ್ತದೆ. ಆಮೇಲೆ ಅಳಿಸಿಬಿಡುತ್ತದೆ. ಜಗಳದ ಮಾರನೇ ದಿನ ನೀವು ಕಳಿಸಿದ ‘ಅಕ್ಕ, ತಪ್ಪಾಯ್ತು’ ಅನ್ನುವ ಮೆಸೇಜು ಒಂದೇ ಟಿಕ್‌ನಲ್ಲಿ ನಿಂತಿದೆ. ನೀವು ಬರೆದ ದಿನಕ್ಕೆ 19, ನಾನು ಓದಿದ ದಿನಕ್ಕೆ 23. ಅಚ್ಚಾಗುವವರೆಗೆ ಕಾಯಬೇಡಿ ಎಂದು ಅವತ್ತೇ ನಿಮಗೆ ಮೇಲ್ ಮಾಡಿದೆ. ಉತ್ತರ ಬಂದಿಲ್ಲ. ಇಷ್ಟು ಹೊತ್ತಿಗೆ ನೀವು ಬಸ್ಸಿನಲ್ಲಿದ್ದೀರಿ, ಅದಕ್ಕೇ ಬರೆದಿಲ್ಲ ಅಂತ ನಂಬಿಕೊಂಡಿದ್ದೇನೆ. ಇನ್ನೂ ಹೋಗಿಲ್ಲವಾದರೆ ನಾಳೆ ಬೆಳಿಗ್ಗೆ ಹೊರಡಿ. ಆ ತಪ್ಪಾಯ್ತು ಅನ್ನುವ ಮಾತನ್ನು ಬಾಯಲ್ಲೇ ಹೇಳಿ.

ಉಪ್ಪಿನಕಾಯಿ ಡಬ್ಬಿಯನ್ನು ತೊಳೆದು ಒಣಗಿಸಿ ಜೊತೆಗೆ ತೆಗೆದುಕೊಳ್ಳಿ. ಖಾಲಿ ಡಬ್ಬಿ ವಾಪಸ್ ಕೊಡಬಾರದು. ನಿಮ್ಮೂರಿನ ಮಂಡಕ್ಕಿ ತುಂಬಿಸಿ, ಒಗ್ಗರಣೆ ಹಾಕಿದ್ದು.