ಯಾವ ಪ್ಲೇಟು ಹಾಕಿದ್ದೀರಿ? ಜಾಝ್ ಎಲ್ಪಿ ಕೇಳುಗರ ಪ್ರಶ್ನೆಗಳು

ಸದ್ಯ ನಿಮ್ಮ ಟರ್ನ್‌ಟೇಬಲ್ ಮೇಲೆ ತಿರುಗುತ್ತಿರುವ ಜಾಝ್ ಎಲ್ಪಿ (ನಿಮಿಷಕ್ಕೆ 33⅓ ಸುತ್ತು ತಿರುಗುವ ದೊಡ್ಡ ಗ್ರಾಮಫೋನ್ ಪ್ಲೇಟು) ಯಾವುದು, ಅದರಲ್ಲಿ ತೊಡಕೇನು ಎಂದು ಓದುಗರನ್ನು ಕೇಳಿದ್ದೆವು. ಹಲವು ಪತ್ರಗಳು ಸುತ್ತಿ ಬಳಸಿ ಒಂದೇ ಕಡೆ ಬರುತ್ತವೆ: ಕಿವಿಗೆ ಬಿದ್ದ ದೋಷ ಯಂತ್ರದ್ದೋ, ಪ್ಲೇಟಿನದ್ದೋ, ಧ್ವನಿಮುದ್ರಣ ನಡೆದ ದಿನದ್ದೋ?

ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಕೇಳುತ್ತಿದ್ದೇನೆ. ಎಪ್ಪತ್ತರ ದಶಕದ ಪ್ರತಿ. ಎಲೆಕ್ಟ್ರಾನಿಕ್ ತಂಬೂರದ ಜೊತೆ ಹಾಕಿದರೆ ಮೊದಲ ಬದಿಯ ಶ್ರುತಿ ತುಸು ಏರಿದೆ, ಎರಡನೆಯದು ಸರಿಯಾಗಿ ಕೂರುತ್ತದೆ. ಪ್ಲೇಟು ತಿರುಗಿಸುವ ಬೆಲ್ಟ್ ಬದಲಿಸಬೇಕೆ? (ಮೈಸೂರು)

ಬೆಲ್ಟಿನ ತಂಟೆಗೆ ಹೋಗಬೇಡಿ. ಒಂದೇ ಪ್ಲೇಟಿನ ಒಂದು ಬದಿ ಏರಿ ಇನ್ನೊಂದು ಸರಿಯಿದ್ದರೆ ಯಂತ್ರ ನಿರಪರಾಧಿ. ಹಳೆಯ ಬೆಲ್ಟ್ ಸಡಿಲಾದರೂ ವೇಗ ಇಳಿಯುವುದೇ ಹೊರತು ಏರುವುದಿಲ್ಲ.

ಈ ಆಲ್ಬಮ್ಮಿನ ಧ್ವನಿಮುದ್ರಣ ನಡೆದದ್ದು ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೊದಲ್ಲಿ, 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು. ಮಾರ್ಚಿನ ಆ ದಿನ ಮಾಸ್ಟರ್ ಟೇಪಿನ ಯಂತ್ರ ಕೊಂಚ ನಿಧಾನವಾಗಿ ಓಡಿತು. ನಿಧಾನವಾಗಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಕೇಳಿಸಿದರೆ ಶ್ರುತಿ ಮೇಲೇರುತ್ತದೆ. ಮೊದಲ ಬದಿಯ ‘ಸೋ ವಾಟ್’, ‘ಫ್ರೆಡ್ಡಿ ಫ್ರೀಲೋಡರ್’, ‘ಬ್ಲೂ ಇನ್ ಗ್ರೀನ್’ ಮೂರೂ ಆ ದಿನದವು. ಎರಡನೇ ಬದಿ ಪೂರ್ತಿ ಏಪ್ರಿಲಿನದು. ಮಾರ್ಚಿನ ದಿನ ಜೊತೆಗೇ ಓಡಿದ್ದ ಇನ್ನೊಂದು ಯಂತ್ರದ ಟೇಪು ಸರಿಯಾಗಿತ್ತು. ಅದರಿಂದ ತಿದ್ದಿದ ಆವೃತ್ತಿ ಬಂದದ್ದು 1992ರಲ್ಲಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತು ‘ಸೋ ವಾಟ್’ ಕೇಳಿದ್ದು ಏರಿದ ಶ್ರುತಿಯಲ್ಲೇ. ರೆಕಾರ್ಡಿನ ಜೊತೆ ನುಡಿಸಿ ಕಲಿತ ವಿದ್ಯಾರ್ಥಿಗಳು ತಮ್ಮ ವಾದ್ಯವನ್ನೇ ಬೈದುಕೊಂಡಿರಬೇಕು.

ಖಚಿತಪಡಿಸಿಕೊಳ್ಳಲು ತಂಬೂರವನ್ನು ಎರಡು ಮನೆ ಶ್ರುತಿಗೆ ಇಡಿ. ‘ಸೋ ವಾಟ್’ನಲ್ಲಿ 16 ಬಾರ್ (ನಾಲ್ಕೆಣಿಕೆಯ ಆವರ್ತ) ಎರಡು ಮನೆ, ನಂತರ 8 ಬಾರ್ ಅರ್ಧ ಮನೆ ಮೇಲೆ, ಮತ್ತೆ 8 ಬಾರ್ ಮೊದಲಿನ ಜಾಗ. ನಡುವಿನ ಎಂಟರಲ್ಲಿ ಅಳೆದರೆ ಮೋಸ ಹೋಗುತ್ತೀರಿ. ಆಮೇಲೆ ತಂಬೂರವನ್ನು ಐದು ಮನೆಗೆ ಏರಿಸಿ ‘ಆಲ್ ಬ್ಲೂಸ್’ ಹಾಕಿ, ಪಾಲ್ ಚೇಂಬರ್ಸ್ ಅವರ ಬೇಸ್ ತಿರುಗಿ ತಿರುಗಿ ಬರುವ ಸ್ವರಕ್ಕೆ ಹೋಲಿಸಿ. ಮೊದಮೊದಲ ಮುದ್ರಣದ ಪ್ರತಿಗಳಲ್ಲಿ ಎರಡನೇ ಬದಿಯ ಎರಡು ಹೆಸರುಗಳು ಅದಲುಬದಲಾಗಿವೆ. ಲೇಬಲ್ ಏನೇ ಹೇಳಲಿ, ಮೊದಲು ಬರುವ, ಆರರ ನಡೆಯಲ್ಲಿ ತೂಗುವ ರಚನೆಯೇ ‘ಆಲ್ ಬ್ಲೂಸ್’.

ಯಂತ್ರವನ್ನೂ ಒಮ್ಮೆ ನೋಡುವುದಾದರೆ ಸ್ಟ್ರೋಬ್ ಡಿಸ್ಕ್ (ವೇಗ ಅಳೆಯಲು ಗೆರೆ ಹಾಕಿದ ತಟ್ಟೆ) ಬಳಸಿ. ನಮ್ಮದು 50 ಹರ್ಟ್ಸ್ ಕರೆಂಟು, ಆದ್ದರಿಂದ 33⅓ ವೇಗಕ್ಕೆ 180 ಗೆರೆಗಳ ಸುತ್ತು ಬೇಕು. ಅಮೆರಿಕದ ಡಿಸ್ಕಿನಲ್ಲಿ 216 ಇರುತ್ತವೆ, ಅದು ಇಲ್ಲಿ ಉಪಯೋಗಕ್ಕಿಲ್ಲ. ಬೆಳಕು ಕರೆಂಟಿನ ಜೊತೆ ಮಿನುಗಬೇಕು: ಸಣ್ಣ ನಿಯಾನ್ ಬಲ್ಬು ಆಗುತ್ತದೆ, ಟಾರ್ಚು ಆಗುವುದಿಲ್ಲ. ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. ವೇಗ ಏರಿಸಿ ಇಳಿಸುವ ಪಿಚ್ ಸ್ಲೈಡರ್ ಇರುವ ಟರ್ನ್‌ಟೇಬಲ್ ಆದರೆ ಮೊದಲ ಬದಿಗೆ ಮಾತ್ರ ಅದನ್ನು ಕೆಳಗೆಳೆದು ತಂಬೂರಕ್ಕೆ ಕೂರಿಸಿಕೊಳ್ಳಿ.

ಡೇವ್ ಬ್ರೂಬೆಕ್ ಅವರ ‘ಟೈಮ್ ಔಟ್’. ಮೃದಂಗ ಕಲಿಯುತ್ತಿದ್ದೇನೆ. ‘ಟೇಕ್ ಫೈವ್’ಗೆ ಖಂಡ ಛಾಪು ಹಾಕಿದರೆ ಐದು ಐದಾಗಿ ಬರುತ್ತದೆ, ಆದರೂ ಏನೋ ತಪ್ಪಿದ ಹಾಗೆ. (ಶಿವಮೊಗ್ಗ)

ಎಣಿಕೆ ಸರಿ, ಕತ್ತರಿಸಿದ ಜಾಗ ತಪ್ಪು. ಖಂಡ ಛಾಪು ಎರಡು-ಮೂರು: ತಕ ತಕಿಟ. ‘ಟೇಕ್ ಫೈವ್’ ಮೂರು-ಎರಡು: ತಕಿಟ ತಕ. ಬ್ರೂಬೆಕ್ ಅವರ ಪಿಯಾನೊ ಮೊದಲಿನಿಂದ ಕೊನೆಯವರೆಗೆ ಇದೇ ಕಟ್ಟನ್ನು ಬಿಡದೆ ನುಡಿಸುತ್ತದೆ. ನೀವು ತಕ ತಕಿಟ ಎಂದು ಹಿಡಿದರೆ ನಿಮ್ಮ ಸಮ (ಆವರ್ತದ ಮೊದಲ ಎಣಿಕೆ) ಅವರ ನಾಲ್ಕನೇ ಎಣಿಕೆಯ ಮೇಲೆ ಬಿದ್ದು, ಅಲ್ಲೇ ಕೊನೆಯವರೆಗೂ ಆರಾಮವಾಗಿ ಕೂತುಬಿಡುತ್ತದೆ. ಅದಕ್ಕೇ ತಪ್ಪು ಗೊತ್ತಾಗುವುದಿಲ್ಲ. ಪಾಲ್ ಡೆಸ್ಮಂಡ್ ಅವರ ಸ್ಯಾಕ್ಸೊಫೋನನ್ನು ಬಿಟ್ಟು ಪಿಯಾನೊದ ಎಡಗೈ ಒಂದನ್ನೇ ಹಿಂಬಾಲಿಸಿ, ಅದು ಕೆಳಗಿಳಿದು ಊರುವ ಜಾಗವೇ ಸಮ. ಜೋ ಮೊರೆಲ್ಲೊ ಅವರ ತನಿ ಬಂದಾಗ ಡ್ರಮ್ಮು ಎಲ್ಲೆಲ್ಲೋ ಹೋಗುತ್ತದೆ, ಕೈ ಬಿಡಬೇಡಿ. ಪಿಯಾನೊ ಅಲ್ಲೇ ಇರುತ್ತದೆ.

ನಿಜವಾದ ಖುಷಿ ಇರುವುದು ಅದೇ ಪ್ಲೇಟಿನ ಮೊದಲ ರಚನೆಯಲ್ಲಿ. ‘ಬ್ಲೂ ರೊಂಡೊ ಆ ಲಾ ಟರ್ಕ್’ ಒಂಬತ್ತರದು, ಇಸ್ತಾಂಬುಲ್ ಬೀದಿಯ ವಾದ್ಯಗಾರರಿಂದ ಬ್ರೂಬೆಕ್ ಹಿಡಿದು ತಂದ ಲಯ. ಅದರ ಕಟ್ಟು 2+2+2+3. ನಮ್ಮ ಸಂಕೀರ್ಣ ನಡೆಯ ‘ತಕದಿಮಿ ತಕ ತಕಿಟ’ ಹೇಳಿ ನೋಡಿ, ಅಕ್ಷರಕ್ಕೆ ಅಕ್ಷರ ಕೂರುತ್ತದೆ. ಒಂದೇ ಎಚ್ಚರ: ಮೂರು ಆವರ್ತ ಹೀಗೆ ಹೋಗಿ ನಾಲ್ಕನೆಯದು ‘ತಕಿಟ ತಕಿಟ ತಕಿಟ’ ಆಗುತ್ತದೆ. ಸೋಲೊ ಶುರುವಾದಾಗ ತಂಡ ಸಾದಾ ನಾಲ್ಕಕ್ಕೆ ಇಳಿಯುತ್ತದೆ. ಅಲ್ಲೂ ಒಂಬತ್ತು ಹುಡುಕಿ ಸುಸ್ತಾಗಬೇಡಿ.

ಇಲ್ಲಿನ ಭಾನುವಾರದ ಸಂತೆಯಲ್ಲಿ ಜಾನ್ ಕೋಲ್ಟ್ರೇನ್ ಅವರ ‘ಬ್ಲೂ ಟ್ರೇನ್’ ಸಿಕ್ಕಿತು, ಮೋನೊ (ಒಂದೇ ಚಾನಲ್ಲಿನದು). ಹಳೆಯ ಅಸಲಿ ಮುದ್ರಣವೋ ಅಲ್ಲವೋ ಹೇಗೆ ತಿಳಿಯುವುದು? ಚಟಪಟ ಸದ್ದೂ ಜಾಸ್ತಿ. (ನ್ಯೂಜೆರ್ಸಿ, ಅಮೆರಿಕ)

ನಿಮ್ಮ ರಾಜ್ಯದ್ದೇ ಪ್ಲೇಟು. 1957ರ ಸೆಪ್ಟೆಂಬರ್ 15ರಂದು ಇದನ್ನು ಹಿಡಿದದ್ದು ಹ್ಯಾಕೆನ್ಸಾಕ್‌ನಲ್ಲಿ, ಧ್ವನಿಮುದ್ರಣಕಾರ ರೂಡಿ ವ್ಯಾನ್ ಗೆಲ್ಡರ್ ಅವರ ತಂದೆತಾಯಿಯ ಮನೆಯ ಹಜಾರದಲ್ಲಿ. ಇಂಗಲ್‌ವುಡ್ ಕ್ಲಿಫ್ಸ್‌ನ ಅವರ ದೊಡ್ಡ ಸ್ಟುಡಿಯೊ ಶುರುವಾದದ್ದು 1959ರಲ್ಲಿ.

ಕವರು ನೋಡಿ ತೀರ್ಮಾನಿಸಬೇಡಿ. ಕೊನೆಯ ಗೆರೆಗೂ ಲೇಬಲ್ಲಿಗೂ ನಡುವಿನ ಖಾಲಿ ಪಟ್ಟಿಯನ್ನು ಓರೆ ಬೆಳಕಿನಲ್ಲಿ ತಿರುಗಿಸಿ ನೋಡಿ. ಅಲ್ಲಿ ‘ಆರ್‌ವಿಜಿ’ ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಲ್ಯಾಕರ್ (ಅಚ್ಚಿಗೆ ಮೂಲವಾದ ತಟ್ಟೆ) ಕೊರೆದದ್ದು ವ್ಯಾನ್ ಗೆಲ್ಡರ್. ಅದೊಂದೇ ಸಾಲದು. ಪ್ಲೇಟು ಒತ್ತುತ್ತಿದ್ದ ಪ್ಲಾಸ್ಟಿಲೈಟ್ ಕಾರ್ಖಾನೆಯ ಗುರುತೂ ಬೇಕು: ಕೈಬರಹದ ‘ಪಿ’, ನೋಡಲು ಕಿವಿಯ ಹಾಗೆ, ಸಂಗ್ರಾಹಕರು ಕರೆಯುವುದೂ ಕಿವಿ ಎಂದೇ. ಈ ಪ್ಲೇಟು ತಂದ ಬ್ಲೂ ನೋಟ್ ಕಂಪನಿ ಅರವತ್ತರ ದಶಕದ ನಡುವೆ ಲಿಬರ್ಟಿ ಕಂಪನಿಗೆ ಮಾರಾಟವಾದ ಮೇಲೆ ಕಿವಿ ಮಾಯ. ಆದರೆ ಹಳೆಯ ಲೋಹದ ಅಚ್ಚುಗಳನ್ನೇ ಬಳಸಿದ್ದರಿಂದ ಲಿಬರ್ಟಿ ಕಾಲದ ಪ್ರತಿಗಳಲ್ಲೂ ‘ಆರ್‌ವಿಜಿ’ ಸಿಗುತ್ತದೆ. ಸಂತೆಯಲ್ಲಿ ಜನ ಎಡವುವುದು ಇಲ್ಲೇ. ಆಮೇಲೆ ಲೇಬಲ್ಲಿನ ವಿಳಾಸ: 47 ವೆಸ್ಟ್ 63 ಎಂದಿದ್ದರೆ ಹಳೆಯದು, ಬರೀ ‘ನ್ಯೂಯಾರ್ಕ್ ಯುಎಸ್ಎ’ ಎಂದಿದ್ದರೆ ಅರವತ್ತರ ದಶಕದ್ದು. ಕಿವಿ ಇಲ್ಲದ ಲಿಬರ್ಟಿ ಪ್ರತಿಯನ್ನು ಕೀಳು ಎನ್ನಬೇಕಿಲ್ಲ. ಕೇಳಲು ಕೊಳ್ಳುವವರಿಗೆ ಅದೇ ಅಚ್ಚಿನ ನಾದ ಕಡಿಮೆ ದುಡ್ಡಿಗೆ ಸಿಕ್ಕ ಹಾಗೆ.

ಚಟಪಟಕ್ಕೆ ಮೊದಲ ಮದ್ದು ಆಂಪ್ಲಿಫೈಯರಿನ ಮೋನೊ ಬಟನ್. ಮೋನೊ ಗೆರೆಯಲ್ಲಿ ಸಂಗೀತ ಇರುವುದು ಮುಳ್ಳಿನ ಅಡ್ಡ ಚಲನೆಯಲ್ಲಿ ಮಾತ್ರ. ಧೂಳು, ಸವೆತಗಳು ಮುಳ್ಳನ್ನು ಮೇಲೆ ಕೆಳಗೂ ಕುಣಿಸುತ್ತವೆ, ಸ್ಟೀರಿಯೊ ಕಾರ್ಟ್ರಿಜ್ (ಮುಳ್ಳು ಕೂತ ಪುಟ್ಟ ಡಬ್ಬಿ) ಆ ಕುಣಿತವನ್ನೂ ಸದ್ದು ಮಾಡಿ ಕೊಡುತ್ತದೆ. ಎರಡೂ ಚಾನಲ್ ಬೆರೆತಾಗ ಮೇಲೆ ಕೆಳಗಿನದು ಒಂದನ್ನೊಂದು ಹೊಡೆದುಹಾಕುತ್ತದೆ. ಬಟನ್ ಇಲ್ಲದಿದ್ದರೆ ಮೋನೊ ಕಾರ್ಟ್ರಿಜ್ ಹಾಕಿಸಿ. ಆದರೆ ಐವತ್ತರ ದಶಕದ ಹಳೆಯ ಮೋನೊ ಕಾರ್ಟ್ರಿಜ್ಜಿನಲ್ಲಿ ಮುಳ್ಳು ಮೇಲೆ ಕೆಳಗೆ ಬಳುಕುವುದೇ ಇಲ್ಲ. ಅದರಲ್ಲಿ ಸ್ಟೀರಿಯೊ ಪ್ಲೇಟು ಹಾಕಿದರೆ ಪ್ಲೇಟು ಹಾಳು.

ಸನ್ನಿ ರೋಲಿನ್ಸ್ ‘ವೇ ಔಟ್ ವೆಸ್ಟ್’, ಸ್ಟೀರಿಯೊ. ಎಡ ಸ್ಪೀಕರಿನಲ್ಲಿ ಸ್ಯಾಕ್ಸೊಫೋನ್ ಬಿಟ್ಟರೆ ಏನೂ ಇಲ್ಲ. ವೈರು ಹೋಗಿದೆಯೆ? (ಬೆಂಗಳೂರು)

ಇಲ್ಲ. 1957ರ ಸ್ಟೀರಿಯೊ ಅದು. ಎಡಕ್ಕೆ ರೋಲಿನ್ಸ್, ಬಲಕ್ಕೆ ರೇ ಬ್ರೌನ್ ಅವರ ಬೇಸ್ ಮತ್ತು ಶೆಲ್ಲಿ ಮ್ಯಾನ್ ಅವರ ಡ್ರಮ್ಸ್. ಪಿಯಾನೊ ಇಲ್ಲದ ತ್ರಿವಳಿ, ನಡುವೆ ಖಾಲಿ. ಸಂಶಯವಿದ್ದರೆ ಆಂಪ್ಲಿಫೈಯರಿನ ಹಿಂದೆ ಎಡ ಬಲ ಪಿನ್ನುಗಳನ್ನು ಅದಲುಬದಲು ಮಾಡಿ. ಸ್ಯಾಕ್ಸೊಫೋನ್ ಬಲಕ್ಕೆ ಹೋಗಿ ಬೇಸು ಎಡಕ್ಕೆ ಬಂದರೆ ಎಲ್ಲವೂ ಸರಿ ಇದೆ.

ಕೀತ್ ಜ್ಯಾರೆಟ್ ‘ಕೋಲ್ನ್ ಕನ್ಸರ್ಟ್’. ಮೊದಲ ಬದಿಯ ಕೊನೆಯಲ್ಲಿ ಪಿಯಾನೊ ಒಡೆದ ಹಾಗೆ ಕೇಳುತ್ತದೆ. ಆ ದಿನದ ಪಿಯಾನೊವೇ ಚೆನ್ನಾಗಿರಲಿಲ್ಲ ಎನ್ನುತ್ತಾರಲ್ಲ? (ಧಾರವಾಡ)

1975ರ ಜನವರಿ 24ರ ರಾತ್ರಿ ಜರ್ಮನಿಯ ಕೋಲ್ನ್ ಒಪೆರಾ ಹೌಸಿನಲ್ಲಿ ಜ್ಯಾರೆಟ್‌ಗೆ ಸಿಕ್ಕ ಪಿಯಾನೊ ಚಿಕ್ಕದು, ಮಂದ್ರದಲ್ಲಿ ತೂಕವಿಲ್ಲ, ತಾರದಲ್ಲಿ ತಗಡಿನ ನಾದ, ನಿಜ. ಆದರೆ ಪಿಯಾನೊ ಕೆಟ್ಟದ್ದಾದರೆ ಮೊದಲ ನಿಮಿಷದಿಂದಲೇ ಕೆಟ್ಟಿರಬೇಕು, ಕೊನೆಯ ಐದು ನಿಮಿಷಕ್ಕೆ ಕಾಯುವುದಿಲ್ಲ. ಇದು ಒಳಗೆರೆಯ ತೊಂದರೆ. ಎಲ್ಪಿಯ ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗೆರೆ ಮುಳ್ಳಿನ ಕೆಳಗೆ ಹಾಯುತ್ತದೆ, ಲೇಬಲ್ ಬಳಿ ಬರೀ 21. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುರಿರುತ್ತದೆ. ಈ ಬದಿಯೋ 26 ನಿಮಿಷದ್ದು, ಲೇಬಲ್ಲಿನ ಹತ್ತಿರದವರೆಗೂ ಗೆರೆ.

ಅದೇ ಜೋಡಿ ಪ್ಲೇಟಿನ ನಾಲ್ಕನೇ ಬದಿ ಬರೀ ಏಳು ನಿಮಿಷ. ಅದು ಲೇಬಲ್ಲಿನಿಂದ ದೂರವೇ ಮುಗಿಯುತ್ತದೆ. ಅದು ಶುದ್ಧವಾಗಿ ಕೇಳಿ, ಮೊದಲ ಬದಿಯ ತುದಿ ಮಾತ್ರ ಒಡೆದರೆ ಕಾರ್ಟ್ರಿಜ್ ಕೂತ ಕೋನ ತಪ್ಪಿದೆ. ಕೋನ ನೋಡುವ ಪ್ರೊಟ್ರ್ಯಾಕ್ಟರ್ ಕಾಗದವಿಟ್ಟು, ನಡುವಿನಿಂದ 66 ಮತ್ತು 121 ಮಿ.ಮೀ. ದೂರದ ಎರಡು ಚುಕ್ಕಿಗಳಲ್ಲಿ ಕಾರ್ಟ್ರಿಜ್ಜಿನ ಪಕ್ಕ ಗೆರೆಗೆ ಸಮಾನಾಂತರವಾಗುವಂತೆ ಸ್ಕ್ರೂ ಸಡಿಲಿಸಿ ಸರಿಸಿ. ಆಮೇಲೆ ಮುಳ್ಳಿನ ತೂಕ ಮತ್ತು ಆಂಟಿಸ್ಕೇಟ್ (ಮುಳ್ಳು ಒಳಕ್ಕೆ ಜಾರದಂತೆ ತಡೆಯುವ ಹೊಂದಾಣಿಕೆ) ಮತ್ತೆ ನೋಡಬೇಕು, ಕಾರ್ಟ್ರಿಜ್ ಸರಿದರೆ ತೂಕವೂ ಬದಲಾಗುತ್ತದೆ. ನಾಲ್ಕೂ ಬದಿ ಒಡೆದರೆ ಮುಳ್ಳು ಸವೆದಿದೆ ಅಥವಾ ಅದಕ್ಕೆ ಕಸ ಅಂಟಿದೆ.

ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರ ‘ಜ್ಯೋತಿ’ಯಲ್ಲಿ ಘಟದ ಪೆಟ್ಟುಗಳು ಚರಚರ ಅನ್ನುತ್ತವೆ. ಮುಳ್ಳಿನ ಭಾರ ಇಳಿಸಲೆ? (ತುಮಕೂರು)

ಏರಿಸಿ. ಭಾರ ಕಡಿಮೆಯಾದಾಗಲೇ ಮುಳ್ಳು ಗೆರೆಯ ಗೋಡೆಯಿಂದ ಎಗರಿ ಬೀಳುತ್ತದೆ, ಹಾಗೆ ಬಿದ್ದಾಗಲೇ ಪ್ಲೇಟಿಗೆ ಏಟು. ಕಾರ್ಟ್ರಿಜ್ಜಿಗೆ ಹೇಳಿದ ಮಿತಿಯ ಮೇಲಿನ ತುದಿಗೆ ಹೋಗಿ. ಉದಾಹರಣೆಗೆ ಆರ್ಟೊಫೋನ್ 2ಎಂ ರೆಡ್‌ಗೆ ಮಿತಿ 1.6ರಿಂದ 2 ಗ್ರಾಂ, ಸಾಮಾನ್ಯವಾಗಿ ಇಡುವುದು 1.8. ಟೋನ್‌ಆರ್ಮಿನ ಅಂಕಿಗಿಂತ ಪುಟ್ಟ ಡಿಜಿಟಲ್ ತಕ್ಕಡಿಯನ್ನು ನಂಬಿ.

ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಪ್ಲೇಟು ಬೇರೆ ಬೇಡ. ಇಸಿಎಂ ಕಂಪನಿ 1983ರಲ್ಲಿ ತಂದ ಇದರಲ್ಲಿ ಮರಿಯಾನೊ ಜೊತೆಗಿರುವುದು ಟಿ.ಎ.ಎಸ್. ಮಣಿ ಬೆಂಗಳೂರಿನಲ್ಲಿ 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್: ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಘಟ, ಟಿ.ಎನ್. ಶಶಿಕುಮಾರ್ ಖಂಜಿರ, ಆರ್.ಎ. ರಮಾಮಣಿ ಅವರ ಕಂಠ. ಘಟ, ಖಂಜಿರಗಳ ಪೆಟ್ಟು ಚುರುಕು. ಅದನ್ನು ಎಲ್ಲ ಮುಳ್ಳೂ ಹಿಂಬಾಲಿಸಲಾರದು. ಭಾರ ಸರಿಯಾದಾಗ ಪೆಟ್ಟಿನ ಹಿಂದೆ ಮಡಕೆಯ ಹೊಟ್ಟೆಯ ನಾದವೂ ಕೇಳಬೇಕು. ಈ ಪ್ಲೇಟನ್ನು ಜಾಝ್ ಕಪಾಟಿನಲ್ಲಿಡಬೇಕೋ ಕರ್ನಾಟಕ ಸಂಗೀತದ ಕಪಾಟಿನಲ್ಲೋ ಎಂದೂ ಕೇಳಿದ್ದೀರಿ. ಚಾರ್ಲ್ಸ್ ಮಿಂಗಸ್ ಅವರ 1963ರ ‘ಬ್ಲ್ಯಾಕ್ ಸೇಂಟ್’ ಆಲ್ಬಮ್ಮಿನಲ್ಲಿ ಆಲ್ಟೊ ಸ್ಯಾಕ್ಸೊಫೋನ್ ನುಡಿಸಿದವರೂ ಇದೇ ಮರಿಯಾನೊ. ಅದರ ಪಕ್ಕ ಇಡಿ.

ಮಳೆಗಾಲ ಮುಗಿಯುವಷ್ಟರಲ್ಲಿ ಎಲ್ಲ ಪ್ಲೇಟಿಗೂ ಬಿಳಿ ಬೂಷ್ಟು. ಎಲ್ಲಾ ಫಿಟ್ಜ್‌ಜೆರಾಲ್ಡ್, ಲೂಯಿ ಆರ್ಮ್‌ಸ್ಟ್ರಾಂಗ್ ಇಬ್ಬರೂ ಗೊರಗೊರ ಅನ್ನುತ್ತಿದ್ದಾರೆ. (ಮಂಗಳೂರು)

ಆರ್ಮ್‌ಸ್ಟ್ರಾಂಗ್ ಮೊದಲಿನಿಂದಲೂ ಹಾಗೇ. ಫಿಟ್ಜ್‌ಜೆರಾಲ್ಡ್ ಅವರ ಗಂಟಲು ಸರಿಮಾಡೋಣ. ಕಾರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ 750 ಮಿ.ಲೀ., ಐಸೊಪ್ರೊಪೈಲ್ ಆಲ್ಕೊಹಾಲ್ 250 ಮಿ.ಲೀ., ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಬಾವಿ, ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಸುಣ್ಣ ಗೆರೆಯಲ್ಲೇ ಉಳಿಯುತ್ತದೆ. ಮನೆ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಲೇಬಲ್ ನೆನೆಯದಂತೆ, ಮೃದು ಬ್ರಶ್ಶಿನಿಂದ ಗೆರೆಯ ದಿಕ್ಕಿನಲ್ಲೇ ಉಜ್ಜಿ. ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ತೊಳೆಯಿರಿ. ಈ ಹಂತ ಬಿಟ್ಟರೆ ಸೋಪೇ ಹೊಸ ಗೊರಗೊರ. ನೆರಳಲ್ಲಿ ನಿಲ್ಲಿಸಿ ಒಣಗಿಸಿ, ಬಿಸಿಲಿಗಿಟ್ಟರೆ ಪ್ಲೇಟು ಹಪ್ಪಳವಾಗುತ್ತದೆ. ಅರಗಿನ 78 ಆರ್‌ಪಿಎಂ ಪ್ಲೇಟಿಗೆ ಈ ದ್ರಾವಣ ಮುಟ್ಟಿಸಬೇಡಿ, ಆಲ್ಕೊಹಾಲ್ ಅರಗನ್ನು ಕರಗಿಸುತ್ತದೆ.

ತೊಳೆದ ಪ್ಲೇಟನ್ನು ಹಳೆಯ ಒಳಕಾಗದಕ್ಕೆ ಮತ್ತೆ ತುರುಕಬೇಡಿ, ಬೂಷ್ಟಿನ ಬೀಜ ಇರುವುದೇ ಅದರಲ್ಲಿ. ಹೊಸ ಪಾಲಿಥೀನ್ ಒಳಚೀಲ ಹಾಕಿ, ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಸರಿಸಿ. ಸಿಲಿಕಾ ಜೆಲ್ ಇಟ್ಟಿದ್ದರೆ ಹರಳಿನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಇಡಬಹುದು. ಆ ಬಾಣಲೆಯನ್ನು ಮಾತ್ರ ಅಡುಗೆಗೆ ವಾಪಸ್ ಕೊಡಬೇಡಿ.